ಉಸ್ತಾದರು ಹೇಳಿದ ಆರು

ಬೀದರಿನಲ್ಲಿ ನನಗೆ ಇನ್ನೊಂದು ಹೆಸರಿದೆ. ಕಳೆದ ತಿಂಗಳು ಪ್ರಾಯೋಗಿಕ ಪರೀಕ್ಷೆಯ ಡ್ಯೂಟಿಗೆಂದು ಹೋದವಳು ಊರಂಚಿನ ನೌಬಾದಿನಲ್ಲಿ ಆಟೊ ಇಳಿದು ಇನ್ನೂ ಬ್ಯಾಗು ಹೆಗಲಿಗೆ ಏರಿಸುತ್ತಿದ್ದೆ. ಪಂಕ್ಚರ್ ಅಂಗಡಿಯವನು ತಲೆಯೆತ್ತಿ ನೋಡಿ, "ಏ, ಆರ್ ಮೇಡಂ ಬಂದಾರ್ ನೋಡ್ರಿ!" ಎಂದು ಒಳಗಿನವರಿಗೆ ಕೂಗಿ ಹೇಳಿದ. ನಾನು ಆ ಸೀಮೆ ಬಿಟ್ಟು ಐದು ವರ್ಷವಾಗಿದೆ. ನನ್ನ ಅಸಲಿ ಹೆಸರನ್ನು ಎಲ್ಲರೂ ಮರೆತಿದ್ದಾರೆ, ಆ ಸಂಖ್ಯೆಯನ್ನು ಮಾತ್ರ ಯಾರೂ ಮರೆತಿಲ್ಲ.

ಆಗಲೇ ಆ ವಾಸನೆ ಬಂತು. ಸುಟ್ಟ ಇಂಜಿನ್ ಆಯಿಲ್, ಒದ್ದೆಯಾದ ಕೆಂಪು ಕಲ್ಲು, ಕಬ್ಬಿನ ಲಾರಿ ಹೋದ ಮೇಲೆ ರಸ್ತೆಯಲ್ಲಿ ಉಳಿಯುವ ಹುಳಿಸಿಹಿ. ಮೂರೂ ಒಟ್ಟಿಗೆ ಸಿಗುವುದು ನನಗೆ ಗೊತ್ತಿರುವಂತೆ ಅಲ್ಲೊಂದೇ ಕಡೆ. ನಡುರಸ್ತೆಯಲ್ಲೇ ನಿಂತು ಕಿವಿಗೊಟ್ಟೆ. ನೆಲದೊಳಗಿನಿಂದ ಏನೂ ಕೇಳಿಸಲಿಲ್ಲ. ಕೇಳಿಸದಿರಲಿ ಎಂದೇ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ, ಕೇಳಿಸದಿದ್ದಾಗ ಯಾಕೋ ಬೇಜಾರಾಯಿತು.

ಅದಕ್ಕೂ ಹಿಂದಿನ ವರ್ಷ ನನ್ನನ್ನು ಭಾಲ್ಕಿಯ ಒಂದು ತರಬೇತಿ ಸಂಸ್ಥೆಗೆ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕಿಯಾಗಿ ಹಾಕಿದ್ದರು. ನಾನು ದಾವಣಗೆರೆಯವಳು. ಇಂಜಿನ್ ಬಿಚ್ಚುವ ಹೆಂಗಸು ಬಂದಿದ್ದಾಳೆ ಎಂದು ಪಕ್ಕದ ವಿಭಾಗಗಳವರೆಲ್ಲ ಒಮ್ಮೊಮ್ಮೆ ಬಂದು ಇಣುಕಿ ಹೋದರು. ನನಗೆ ಆಗ ಸೊಕ್ಕು ಬೇಕಾದಷ್ಟಿತ್ತು. ಈಗಲೂ ಇಲ್ಲವೆಂದಲ್ಲ, ಸ್ವಲ್ಪ ಸವೆದಿದೆ. ಅಲ್ಲಿನ ಕನ್ನಡವನ್ನೂ ಎರಡೇ ತಿಂಗಳಲ್ಲಿ ಗೆದ್ದೆನೆಂದುಕೊಂಡೆ. ನಮ್ಮಲ್ಲಿ 'ಐತೆ' ಅನ್ನುವುದಕ್ಕೆ ಅಲ್ಲಿ 'ಅದ' ಅಂದರೆ ಮುಗಿಯಿತು. "ಚಹಾ ಅದ ಏನ್ರಿ? ಬಸ್ಸು ಅದ ಏನ್ರಿ?" ಎಂದು ಕೇಳಿ, ಉತ್ತರ ಸಿಕ್ಕಿದಾಗಲೆಲ್ಲ ಬೀಗುತ್ತಿದ್ದೆ. ಮುಂದೆ ನನ್ನ ಕುತ್ತಿಗೆಗೆ ಬಂದದ್ದು ಇದೇ 'ಅದ'.

ಸಂಜೆ ಹೊತ್ತು ಬೇರೊಂದು ಹೆಸರಿಟ್ಟುಕೊಂಡು ಕಾರುಗಳ ಬಗ್ಗೆ ಅಂತರ್ಜಾಲದಲ್ಲಿ ಬರೆಯುತ್ತಿದ್ದೆ. ಓದುಗರು ಹೆಚ್ಚಿರಲಿಲ್ಲ, ಜಗಳಕ್ಕೆ ಮಾತ್ರ ಬರವಿರಲಿಲ್ಲ. ಆ ವರ್ಷದ ದೀಪಾವಳಿಯ ಹೊತ್ತಿಗೆ ಹೊರದೇಶದ ಒಂದು ಕಂಪನಿ ತನ್ನ ಮುಂದಿನ ಭಾರೀ ವೇಗದ ಕಾರಿನ ಬಗ್ಗೆ ಪುಟ್ಟದೊಂದು ವಿಡಿಯೊ ಬಿಟ್ಟಿತು. ಹತ್ತೊಂಬತ್ತು ಸೆಕೆಂಡು. ಪರದೆ ಪೂರ್ತಿ ಕಪ್ಪು, ಆ ಕಪ್ಪಿನೊಳಗಿಂದ ಒಂದು ಇಂಜಿನ್ನಿನ ಸದ್ದು. ಕಾರು ಕಾಣಿಸುವುದಿಲ್ಲ, ಒಂದಕ್ಷರವೂ ಮೂಡುವುದಿಲ್ಲ.

ಒಳಗಿರುವ ಇಂಜಿನ್ ಯಾವುದು ಎಂಬುದೇ ನಮಗೆಲ್ಲ ಆ ಚಳಿಗಾಲದ ಮಾತಾಯಿತು. ಎಂಟು ಸಿಲಿಂಡರ್ ಎಂದು ಒಂದು ಪಂಗಡ ಹಟ ಹಿಡಿಯಿತು. ಹೊಗೆಯ ಕಾನೂನು ಇಷ್ಟು ಬಿಗಿಯಾಗಿರುವಾಗ ಎಂಟನ್ನು ಯಾರು ಇಡುತ್ತಾರೆ, ಆರು ಸಿಲಿಂಡರಿಗೆ ಎರಡು ಟರ್ಬೊ ಕೂರಿಸಿ ಜೊತೆಗೊಂದು ವಿದ್ಯುತ್ ಮೋಟಾರು ಸೇರಿಸುತ್ತಾರೆ ಎಂದು ಇನ್ನೊಂದು ಪಂಗಡ. ಪಟ್ಟೆಪಟ್ಟೆ ಹೊದಿಕೆ ಹೊದಿಸಿ ಎಲ್ಲೋ ಓಡಿಸುತ್ತಿದ್ದ ಪರೀಕ್ಷೆಯ ಗಾಡಿಯ ಮಸುಕು ಫೋಟೊ ಒಂದಿತ್ತು. ಅದರ ಬಾನೆಟ್ಟನ್ನು ಸ್ಕೇಲಿಟ್ಟು ಅಳೆದವರಿದ್ದರು. ಉದ್ದವಾಗಿದೆ, ಹಾಗಾಗಿ ಆರೂ ಒಂದೇ ಸಾಲಿನಲ್ಲಿವೆ ಎಂದರು. ಹೊಗೆಕೊಳವೆ ಅಸಲಿಯೋ ಅಂಟಿಸಿದ್ದೋ ಎಂದು ಎರಡು ದಿನ ಕಿತ್ತಾಡಿದೆವು. ಇದು ಬರೀ ಬ್ಯಾಟರಿ ಗಾಡಿ, ಇಂಜಿನ್ನೇ ಇರಲಾರದು ಎಂದು ಒಬ್ಬ ಬರೆದ. ಎಲ್ಲರೂ ಸೇರಿ ಅವನನ್ನು ಬೈದು ಓಡಿಸಿದೆವು. 'ಅಷ್ಟು ಸದ್ದು ಕೇಳ್ತಿಲ್ವಾ? ನೀನೇನು ಕಿವುಡನಾ?' ಎಂದು ಬರೆದವಳು ನಾನೇ.

ಆದರೆ ಆ ಸದ್ದಿನಲ್ಲಿ ಏನೋ ಸರಿಯಿರಲಿಲ್ಲ. ಓಡುವ ಗಾಡಿಯ ಸದ್ದು ಹತ್ತಿರ ಬರಬೇಕು, ದೂರ ಹೋಗಬೇಕು. ಇದು ಎರಡೂ ಮಾಡುತ್ತಿರಲಿಲ್ಲ. ಗೇರು ಬದಲಾಗುತ್ತಿರಲಿಲ್ಲ. ಕತ್ತಲಲ್ಲಿ ಒಂದೇ ಕಡೆ ನಿಂತು ಯಾರನ್ನೋ ಕಾಯುತ್ತಿರುವಂತೆ ಗುಂಯ್ ಎನ್ನುತ್ತಿತ್ತು, ಆಮೇಲೆ ಫಕ್ಕನೆ ನಿಲ್ಲುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಇದನ್ನು ಒಬ್ಬರೇ ಒಬ್ಬರು ಬಿಡಿಸಬಲ್ಲರು ಅನ್ನಿಸಿ, ಒಂದು ಭಾನುವಾರ ಭಾಲ್ಕಿಯಿಂದ ಬೀದರಿನ ಬಸ್ಸು ಹತ್ತಿದೆ.

ಆ ಒಬ್ಬರು ವೈಜಿನಾಥ ಉಸ್ತಾದರು. ಐವತ್ತೈದು ದಾಟಿದ ತೆಳ್ಳನೆಯ ಮೆಕ್ಯಾನಿಕ್, ಹಣೆಯ ಮೇಲೆ ವಿಭೂತಿ, ಅದರ ಮೇಲೊಂದು ಗ್ರೀಸಿನ ಬೆರಳುಗುರುತು. ಚಹಾ ಕುಡಿಯುತ್ತ ಕೂತಲ್ಲಿಂದಲೇ ರಸ್ತೆಯಲ್ಲಿ ಹೋಗುವ ಗಾಡಿಯ ಯಾವ ವಾಲ್ವು ಸಡಿಲವಾಗಿದೆ ಎಂದು ಹೇಳುವವರು. ಗಾಡಿ ಕೈಗೆ ಸಿಕ್ಕರೆ ಮೊಳದುದ್ದದ ಪೇಚ್‌ಕಸ್ ತೆಗೆಯುತ್ತಿದ್ದರು, ಅಂದರೆ ನಮ್ಮ ಸ್ಕ್ರೂಡ್ರೈವರ್. ಅದರ ತುದಿ ಇಂಜಿನ್ನಿನ ಮೇಲೆ, ಮರದ ಹಿಡಿ ಕಿವಿಗೆ. ಅರ್ಧ ನಿಮಿಷದಲ್ಲಿ ರೋಗ ಹೊರಗೆ ಬರುತ್ತಿತ್ತು. ನಮ್ಮ ಸಂಸ್ಥೆಯ ಯಂತ್ರಗಳು ಹೇಳಲಾಗದ್ದನ್ನು ಅವರು ಹೇಳುವುದನ್ನು ಕಂಡು ನಾನು ಶಿಷ್ಯೆಯಂತೆ ಹಿಂದೆ ಬಿದ್ದಿದ್ದೆ.

ನೌಬಾದಿನ ಅವರ ಗ್ಯಾರೇಜಿನ ಹಿಂದೆಯೇ ಸುರಂಗ ಬಾವಿಯ ಒಂದು ಬಾಯಿ ಇತ್ತು. ಬಹಮನಿ ಸುಲ್ತಾನರ ಕಾಲದಲ್ಲಿ ಕೆಂಪು ಕಲ್ಲನ್ನು ಕೊರೆದು ನೆಲದಡಿಯಲ್ಲಿ ನೀರು ಹರಿಸಿದ ಕಾಲುವೆ ಅದು. ಒಳಕ್ಕೆ ಗಾಳಿ ಬೆಳಕು ಹೋಗಲೆಂದು ಬಿಟ್ಟ ಬಾಯಿಗಳು ಸಾಲಾಗಿ ನೆಲದಲ್ಲಿ ತೆರೆದುಕೊಂಡಿವೆ. ಬೇಸಿಗೆಯಲ್ಲೂ ಅಲ್ಲಿಂದ ತಣ್ಣನೆಯ ಗಾಳಿ ಮೇಲೆ ಬರುತ್ತದೆ.

ಆ ಭಾನುವಾರ ಗ್ಯಾರೇಜಿನಲ್ಲಿ ನಾವಿಬ್ಬರೇ ಇದ್ದೆವು. ಸಂಸ್ಥೆಯ ಕೆಲಸಕ್ಕೆಂದು ಇದ್ದ ಇನ್ನೊಂದು ಫೋನನ್ನು ಟೂಲ್ ಪೆಟ್ಟಿಗೆಗೆ ಒರಗಿಸಿ ವಿಡಿಯೊ ತೆಗೆಯಲು ಬಿಟ್ಟೆ. ನನ್ನ ಫೋನಿನಲ್ಲಿ ಆ ಕಪ್ಪು ಪರದೆ ಹಚ್ಚಿ ಕೊಟ್ಟೆ.

"ಉಸ್ತಾದ್ರೇ, ಇದರಲ್ಲಿ ಎಷ್ಟು ಸಿಲಿಂಡರ್ ಇದಾವೆ ಹೇಳಿ ನೋಡೋಣ."

ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಫೋನನ್ನು ಬಲಗಿವಿಗೆ ಹಿಡಿದರು, ಎಡಗಿವಿಗೆ ಹಿಡಿದರು. ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಪೇಚ್‌ಕಸ್‌ನ ತುದಿಯನ್ನು ಫೋನಿನ ಮೇಲೆ ಊರಿ, ಹಿಡಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕಣ್ಣು ಮುಚ್ಚಿದರು. ಅವರು ಹೀಗೆ ಮಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹತ್ತೊಂಬತ್ತು ಸೆಕೆಂಡು ಮುಗಿದು ಸದ್ದು ನಿಂತಿತು. ಅವರು ಏಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ದವಡೆ ಸಣ್ಣಗೆ ನಡುಗುತ್ತಿತ್ತು. ಸದ್ದೇ ಇಲ್ಲದ ಫೋನನ್ನು ಅವರು ಇನ್ನೂ ಕೇಳುತ್ತಿದ್ದರು.

ಕೊನೆಗೆ ಕಣ್ಣು ತೆರೆದಾಗ ಮುಖ ಬಿಳಿಚಿಕೊಂಡಿತ್ತು. ಅದೇ ಹೊತ್ತಿಗೆ ವಾಯುಪಡೆಯ ತರಬೇತಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಬೀದರಿನಲ್ಲಿ ಅದು ದಿನದ ಮಾತು, ಆದರೂ ನಾನು ತಲೆಯೆತ್ತಿದೆ. ಉಸ್ತಾದರು ಎತ್ತಲಿಲ್ಲ. ನನ್ನ ಕಡೆ ಬಾಗಿ, ಆ ಆರ್ಭಟದ ನಡುವೆಯೇ, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಮೊದಲ ಮಾತು ವಿಮಾನದ ಸದ್ದಿನಲ್ಲಿ ಮುಳುಗಿತು. ಉಳಿದದ್ದು ಕೇಳಿಸಿತು.

"...ಆರ್ಯಾದ್ರಿ ಮೇಡಂ. ಯಾರಿಗೂ ಹೇಳ್ಬ್ಯಾಡ್ರಿ. ಮನ್ಯಾಗೂ ಹೇಳಿಲ್ಲ ನಾ."

ಆರು ಅದ! ಆರು ಸಿಲಿಂಡರ್! ನಾನು ಕುಣಿದಾಡುವುದೊಂದು ಬಾಕಿ. ಇದನ್ನು ಮನೆಯಲ್ಲಿ ಹೇಳುವುದೇನಿದೆ ಎಂದು ಒಂದು ಕ್ಷಣ ಅನ್ನಿಸಿತು, ನಿಜ. ಖುಷಿಯಲ್ಲಿ ಅದನ್ನು ಅಲ್ಲೇ ಬಿಟ್ಟೆ. ಅವರ ಕೈ ಹಿಡಿದು ಕುಲುಕಿ, ನಗುತ್ತ ಬಸ್ಸು ಹತ್ತಿದೆ. ಆ ಸಂಜೆಯೇ ಬರೆದೆ: ಬೀದರಿನ ಉಸ್ತಾದರ ಕಿವಿ ಹೇಳುತ್ತದೆ, ಆರು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. 'ಯಾರಿಗೂ ಹೇಳಬೇಡಿ ಎಂದಿದ್ದಾರೆ, ನಿಮಗೆ ಮಾತ್ರ ಹೇಳುತ್ತಿದ್ದೇನೆ.' ಆ ಸಾಲನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ವಿದ್ಯಾರ್ಥಿಗಳೇ ಓದಿ ಊರೂರಿಗೆ ಹೇಳಿದರು, ಮಾತು ಹಬ್ಬಿತು. ಔರಾದ, ಭಾಲ್ಕಿ, ಖಟಕ ಚಿಂಚೋಳಿಯ ಕಡೆಯಿಂದೆಲ್ಲ ಗಾಡಿಗಳು ಬರತೊಡಗಿದವು. ಸಮುದ್ರದಾಚೆಯ ಕಾರನ್ನು ಫೋನಿನಲ್ಲೇ ಕೇಳಿ ಹೇಳಿದವರಿಗೆ ನಮ್ಮ ಟ್ರ್ಯಾಕ್ಟರ್ ಯಾವ ಲೆಕ್ಕ ಎಂದು ಜನ ನಗುತ್ತಿದ್ದರು. ಉಸ್ತಾದರು ಯಾರಿಗೂ ಇಲ್ಲ ಎನ್ನಲಿಲ್ಲ. ಜನರೆದುರು ಹಿಂದಿನಂತೆ ಪೇಚ್‌ಕಸ್ ಕಿವಿಗೆ ಹಿಡಿಯುತ್ತಿದ್ದರು. ನನ್ನೆದುರು, ಬೇರೆ ಯಾರೂ ಇಲ್ಲದಾಗ, ಹಲ್ಲಿಗೆ. ನಡುನಡುವೆ ನನ್ನನ್ನು ಒಂಥರಾ ನೋಡುತ್ತಿದ್ದರು. ಮೆಚ್ಚುಗೆ ಎಂದುಕೊಂಡೆ.

ಚಳಿ ಬಲಿತ ಮೇಲೆ ಒಂದು ಮಧ್ಯಾಹ್ನ ಅವರು ನನ್ನನ್ನು ಕೈಸನ್ನೆ ಮಾಡಿ ಗ್ಯಾರೇಜಿನ ಹಿಂದಕ್ಕೆ ಕರೆದೊಯ್ದರು. ಸುರಂಗದ ಬಾಯಿಯ ಕಲ್ಲಂಚಿನ ಮೇಲೆ ಪೇಚ್‌ಕಸ್ ಊರಿ, ಹಿಡಿ ಕಚ್ಚಿ, ಸ್ವಲ್ಪ ಹೊತ್ತು ಕೂತರು.

"ನಡದಾದ್ರಿ," ಎಂದರು. "ಹಗಲಿ ರಾತ್ರಿ ನಡದಾದ. ಬಂದ್ ಆಗವಲ್ದು."

"ಏನು ನಡೀತಿದೆ ಉಸ್ತಾದ್ರೇ?"

"ನಿಮ್ಮ ಗಾಡಿ ಇಂಜನ್. ಫೋನ್‌ನಾಗಿಂದು. ಇಲ್ಲೇ ಕೆಳಗ ನಿಂತಾದ. ದಿನಾ ಒಂದ್ ಮಾರ್ ಮ್ಯಾಲ ಬರ್ಲಕತ್ತದ."

ತಮಾಷೆಯೇ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಮಂಡಿಯೂರಿ ನಾನೂ ಬಾಯಿಯೊಳಗೆ ಬಗ್ಗಿದೆ. ಬಾವಲಿಯ ವಾಸನೆ, ಮುಖಕ್ಕೆ ತಣ್ಣನೆ ಗಾಳಿ, ಕೆಳಗೆ ಕಣ್ಣು ಹೋಗದಷ್ಟು ಕತ್ತಲೆ. ಮೊದಲು ಏನೂ ಇರಲಿಲ್ಲ. ಆಮೇಲೆ ಇತ್ತು. ತೀರಾ ತಗ್ಗಿನ, ಏರದ ಇಳಿಯದ ಒಂದು ಗುಂಯ್. ಯಾರದೋ ಬೋರಿನ ಮೋಟಾರು ಎಂದು ನನಗೆ ನಾನೇ ಹೇಳಿಕೊಂಡು ಎದ್ದೆ. ಗ್ಯಾರೇಜಿನೊಳಗೆ ಬಂದಾಗ ಫ್ಯಾನು ನಿಂತಿರುವುದು ಕಣ್ಣಿಗೆ ಬಿತ್ತು. ಒಂದು ಗಂಟೆಯಿಂದ ಊರಿಗೆಲ್ಲ ಕರೆಂಟೇ ಇರಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಯ ಹಬ್ಬಕ್ಕೆ, ಉಸ್ತಾದರ ಹೆಂಡತಿ ಮಹಾನಂದಕ್ಕ ನನ್ನನ್ನು ಕಮಠಾಣದ ತವರಿನ ಹೊಲಕ್ಕೆ ಕರೆದೊಯ್ದಳು. ಜೋಳದ ಬೆಳೆಯ ನಡುವೆ ಕಣಕಿಯ, ಅಂದರೆ ಒಣದಂಟಿನ, ಪುಟ್ಟ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲರೂ ಬಿಸಿಲಲ್ಲಿ ಸಾಲಾಗಿ ಕೂತು ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿದ್ದೆವು. ಅಂಬಲಿಯ ಗಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಉಸ್ತಾದರು ಮಾತ್ರ ಊಟ ಬಿಟ್ಟೆದ್ದು ದೂರದ ಬದುವಿನ ಹತ್ತಿರ ಹೋಗಿ ಕೂತರು. ನಾನು ಹಿಂದೆಯೇ ಹೋದೆ. ಹಬ್ಬಕ್ಕೂ ಪೇಚ್‌ಕಸ್ ತಂದಿದ್ದರು. ಅದನ್ನು ಮಣ್ಣಿಗೆ ಚುಚ್ಚಿ, ಕಚ್ಚಿ ಹಿಡಿದಿದ್ದರು.

"ಇಲ್ಲೂ ಬಂದಾದ್ರಿ ಮೇಡಂ," ಎಂದರು. ಕಣ್ಣಲ್ಲಿ ನೀರಿತ್ತು.

ನೌಬಾದಿನ ಸುರಂಗ ಕಮಠಾಣದ ತನಕ ಇಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಮ್ಮ ಹಿಂದೆ ಮಹಾನಂದಕ್ಕ ಬಂದು ನಿಂತು, "ಏನ್ ಬಂದಾದ?" ಎಂದಳು. ಅವರು ತಿರುಗಲಿಲ್ಲ. ಮತ್ತೆ ಕೇಳಿದಳು. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದರು. ವಾಪಸು ಬರುವಾಗ ಅವಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಮೇಡಂ, ಇವ್ರು ನಿದ್ದಿ ಮಾಡಲ್ರಿ. ಗ್ವಾಡಿಗಿ ತಲಿ ಹಚ್ಚಿ ಕುಂಡ್ರತಾರ. ನಿಮ್ಮ ಫೋನ್‌ನಾಗ ಅದೇನ್ ಇತ್ತು? ಏನ್ ಕೇಳಸಿರಿ ನೀವು ಇವ್ರಿಗಿ?"

ಆ ಹತ್ತೊಂಬತ್ತು ಸೆಕೆಂಡಿನ ಕಪ್ಪಿನೊಳಗಿಂದ ಏನನ್ನೋ ನಾನೇ ಹೊರಗೆ ಬಿಟ್ಟಿದ್ದೇನೆ ಎಂಬ ಭಯ ಅಂದು ಹಿಡಿದದ್ದು ಬಹಳ ದಿನ ಬಿಡಲಿಲ್ಲ. ಇಂಜಿನಿಯರಿಂಗ್ ಓದಿದವಳು ಹೀಗೆ ಹೇಳಬಾರದು. ಆದರೆ ಹೆದರಿದ್ದೆ.

ಎಳ್ಳಮಾಸಿಯಾಗಿ ಒಂದು ವಾರಕ್ಕೆ ನನಗೆ ಔರಾದಿನಲ್ಲಿ ಎರಡು ದಿನದ ಕೆಲಸ ಬಿತ್ತು. ಬೀದರಿನಿಂದ ಔರಾದಿಗೆ ಜನ ಸಾಗಿಸುವ ಸವಾರಿ ಜೀಪು ಓಡಿಸುತ್ತಿದ್ದ ಮಾಣಿಕಪ್ಪನ ಗಾಡಿಯಲ್ಲಿ ಬೆಳಿಗ್ಗೆಯೇ ಹೊರಟೆ. ಮಾಣಿಕಪ್ಪ ಮಾತಿನ ಮಲ್ಲ, ಗಾಡಿಯನ್ನು ಮನೆಯ ಹಸುವಿನಷ್ಟೇ ಮುದ್ದಿನಿಂದ ಸಾಕಿದವನು. ಇಂಜಿನ್ನಿನಲ್ಲಿ ಎರಡು ದಿನದಿಂದ ಏನೋ ಟಕ್ ಟಕ್ ಅನ್ನುತ್ತಿದೆ ಎಂದು ಜನರನ್ನು ಹತ್ತಿಸಿಕೊಂಡೇ ಗ್ಯಾರೇಜಿಗೆ ತಿರುಗಿಸಿದ. ನನಗೂ ಆ ಸದ್ದು ಕೇಳಿಸುತ್ತಿತ್ತು. ಬೇರಿಂಗ್ ಸವೆದು ಮುರಿಯುವ ಮುಂಚಿನ ಸದ್ದು ಅದು. ಕರಿಹಲಗೆಯ ಮೇಲೆ ಚಿತ್ರ ಬರೆದು ನಾನೇ ಪಾಠ ಮಾಡುವ ಸದ್ದು.

ಒಂಬತ್ತು ಜನರ ಎದುರು ಉಸ್ತಾದರು ಪೇಚ್‌ಕಸ್ ಕಿವಿಗೆ ಹಿಡಿದರು. "ಚಲೋ ನಡದಾದ. ಹೋಗ್ರಿ," ಎಂದರು.

ನಾನು ಬಾಯಿ ಬಿಡಲಿಲ್ಲ. ಅವರ ಕಿವಿಯ ಮುಂದೆ ನನ್ನ ಕಿವಿ ಯಾವ ಲೆಕ್ಕ ಎಂದುಕೊಂಡೆ. ಆ ಹೊತ್ತಿನ ನನ್ನ ಮೌನಕ್ಕೆ ಯಾವ ನೆಪವನ್ನೂ ನಾನು ಹೂಡುವುದಿಲ್ಲ.

ಊರು ದಾಟುತ್ತಲೇ ಮಂಜು. ತೊಗರಿ ಹೊಲಗಳು, ಗಿಡಮರ, ರಸ್ತೆಯ ಅಂಚು ಎಲ್ಲ ಅಳಿಸಿಹೋಗಿದ್ದವು. ದಾರಿಯಲ್ಲಿ ಸಿಗುವ ಸಂತಪುರ ಇನ್ನೂ ದೂರವಿರುವಾಗ ಇಂಜಿನ್ ಒಮ್ಮೆ ಕಿರುಚಿ, ಕಟಕ್ಕೆಂದು ಬಿಗಿದುಕೊಂಡು ನಿಂತಿತು. ಎಲ್ಲರೂ ಇಳಿದು ಪಕ್ಕದ ಹೊಲದಲ್ಲಿ ನಿಂತೆವು. ಮಾಣಿಕಪ್ಪ ಕಲ್ಲು ಹುಡುಕಿ ತಂದು ಹಿಂದಿನ ಗಾಲಿಗೆ ಇಡಲು ಬಗ್ಗಿದ. ಸುತ್ತ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಆಗ ಕೇಳಿಸಿತು. ತಗ್ಗಿನ, ಒಂದೇ ಸಮನಾದ ಗುಂಯ್. ಹತ್ತಿರವೂ ಬರದ, ದೂರವೂ ಹೋಗದ ಅದೇ ಸದ್ದು. ಕಾಲಡಿಯಿಂದ ಬಂದಂತಿತ್ತು. ನನಗೊಬ್ಬಳಿಗೇ ಎಂದುಕೊಂಡೆ, ಆದರೆ ಪಕ್ಕದಲ್ಲಿದ್ದ ಮುದುಕಿ ನನ್ನ ತೋಳು ಹಿಡಿದು, "ಯಾವ್ದೋ ಗಾಡಿ ಬರ್ಲಕತ್ತದವ್ವಾ, ಬೆಳಕೇ ಇಲ್ಲ," ಎಂದಳು. "ಮಾಣಿಕಪ್ಪಾ, ಸರಿ!" ಎಂದು ನಾನು ಕಿರುಚಿದ್ದಕ್ಕೂ ಮಂಜಿನೊಳಗಿಂದ ಕಬ್ಬಿನ ಲಾರಿ ದೀಪವಿಲ್ಲದೆ ನುಗ್ಗಿದ್ದಕ್ಕೂ ನಡುವೆ ಉಸಿರೆಳೆಯುವಷ್ಟೂ ಹೊತ್ತಿರಲಿಲ್ಲ. ಮಾಣಿಕಪ್ಪ ಪಕ್ಕಕ್ಕೆ ಹಾರಿದ, ಕಲ್ಲು ಹಿಡಿದ ಕೈ ಮಾತ್ರ ಹಿಂದುಳಿಯಿತು. ಲಾರಿ ಜೀಪಿನ ಬೆನ್ನು ಸವರಿಕೊಂಡು ಹೋಯಿತು. ಜೀಪು ಒಂದು ಗೇಣು ಸರಿಯಿತು. ಅವನ ಎಡಗೈ ಗಾಲಿ ಮತ್ತು ಕಲ್ಲಿನ ನಡುವೆ ಸಿಕ್ಕಿಕೊಂಡಿತ್ತು.

ಜೀವ ಉಳಿಯಿತು, ಮೂರು ಬೆರಳು ನುಜ್ಜುಗುಜ್ಜಾದವು. ಲಾರಿ ನಿಲ್ಲಲಿಲ್ಲ. ಎಲ್ಲರೂ ಸೇರಿ ಜೀಪನ್ನು ತಳ್ಳಿ ಕೈ ಬಿಡಿಸಿದೆವು. ಲಾರಿ ಎಷ್ಟೋ ದೂರ ಹೋದ ಮೇಲೂ ಆ ಗುಂಯ್ ಇನ್ನೂ ಅಲ್ಲೇ ಇತ್ತು. ಮಾಣಿಕಪ್ಪನ ಕೈಗೆ ನನ್ನ ವೇಲು ಸುತ್ತುತ್ತಿದ್ದಾಗ ಅದು ಫಕ್ಕನೆ ನಿಂತಿತು.

ಬೀದರಿನ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಸಂಜೆಗೆ ನಾವಿಬ್ಬರೂ ಗ್ಯಾರೇಜಿಗೆ ಬಂದೆವು. ಉಸ್ತಾದರು, ಮಹಾನಂದಕ್ಕ ಇಬ್ಬರೂ ಇದ್ದರು. ಮಾಣಿಕಪ್ಪ ಕೂಗಾಡಲಿಲ್ಲ. ಅದೇ ಕಷ್ಟವಾಗಿತ್ತು.

"ನಿಮ್ಮ ಕಿವಿ ಮ್ಯಾಲ ಒಂಬತ್ತ್ ಮಂದಿಗಿ ಕುಂದರ್ಸಕೊಂಡ್ ಹೋಗಿದ್ದೆ, ಉಸ್ತಾದ್. ಯಾಕ ಹಿಂಗ್ ಮಾಡಿದ್ರಿ?"

ಉಸ್ತಾದರು ಅವನ ಬಾಯನ್ನು ನೋಡಿದರು, ಪಟ್ಟಿ ಕಟ್ಟಿದ ಕೈಯನ್ನು ನೋಡಿದರು. ಮೆಲ್ಲಗೆ ಕೂತರು.

"ನನಗ ಕೇಳಸಲ್ಲ ಮಾಣಿಕ್. ದೀಪಾವಳಿದಿಂದ ಕೇಳಸಲ್ಲ. ಹೊರಗಿಂದು ಎಲ್ಲಾ ಬಂದ್ ಆಗ್ಯಾದ. ಒಳಗ ಒಂದೇ ಇಂಜನ್ ನಡದಾದ. ಯಾವ ಗಾಡಿಗಿ ಕಿವಿ ಹಚ್ಚಿದ್ರೂ ಅದೇ ಕೇಳಸ್ತದ. ನಿನ್ ಗಾಡಿಗಿ ಹಚ್ಚಿದಾಗೂ ಅದೇ, ಚಲೋ ನಡದಿತ್ತು." ನನ್ನ ಕಡೆ ಕೈ ತೋರಿಸಿದರು. "ಮೇಡಮ್ಮರಿಗಿ ಅವತ್ತೇ ಹೇಳೀನಿ."

"ನನಗಾ? ಯಾವಾಗ?" ಎಂದೆ.

"ಫೋನ್ ಹಚ್ಚಿ ಕೊಟ್ಟಿದ್ದಿರಲ್ಲ, ಅವತ್ತೇ. ಹಲ್ಲಿಗಿ ಹಿಡದ್ರ ಕೇಳಸ್ತಿತ್ತು. ಒಳಗಿಂದೂ ಫೋನ್‌ನಾಗಿಂದೂ ಒಂದೇ ಆವಾಜ್. ಅದಕ್ಕ ಅಂಜಿ ಹೇಳಿದ್ನಿ. ಯಾರಿಗೂ ಹೇಳ್ಬ್ಯಾಡ್ರಿ ಅಂದಿದ್ನಿ. ನೀವು ಯಾರಿಗೂ ಹೇಳಲಿಲ್ಲ. ಮ್ಯಾಲಿಂದ ನನ್ ಕಿವಿ ಹೊಗಳಿ ಬರ್ದ್ರಿ. ನನ್ ಮರ್ಯಾದಿ ಕಾಯ್ಲಕತ್ತಾರ ಅಂದ್ಕೊಂಡ್ನಿ. ನಿಮ್ ಮಾತು ಉಳಸ್ಬೇಕಂತ ಬಂದ ಗಾಡಿಗೆಲ್ಲಾ ಕಿವಿ ಹಚ್ಚಿದ್ನಿ."

ಆ ದಿನ ಗ್ಯಾರೇಜಿನಲ್ಲಿ ತೆಗೆದ ವಿಡಿಯೊ ಹುಡುಕಿ ಹಚ್ಚಿದೆ. ನಾನೇ ಹತ್ತಾರು ಸಲ ನೋಡಿದ್ದೆ. ಈ ಸಲ ಮಾಣಿಕಪ್ಪ, ಮಹಾನಂದಕ್ಕ, ನಾನು ಮೂವರೂ ಫೋನಿಗೆ ಕಿವಿಯೊಡ್ಡಿ ಕೇಳಿದೆವು. ವಿಮಾನದ ಆರ್ಭಟದಡಿಯಲ್ಲಿ ಆ ಮೊದಲ ಮಾತು ಮಸುಕಾಗಿ ಇತ್ತು. ಕಿವಿ. 'ಕಿವಿ ಆರ್ಯಾದ್ರಿ ಮೇಡಂ.' ದೀಪ ಆರ್ಯಾದ, ಒಲಿ ಆರ್ಯಾದ ಅನ್ನುವ ಹಾಗೆ, ಕಿವಿ ನಂದಿದೆ ಎಂದು.

"ನಾನು ಆರು ಅದ ಅಂದುಕೊಂಡೆ," ಎಂದೆ. "ಆರು ಸಿಲಿಂಡರ್ ಅಂತ."

ಮಾಣಿಕಪ್ಪ ನನ್ನನ್ನೇ ನೋಡಿದ. "ಆರ್ ಸಿಲಿಂಡರ್ ಇದ್ರ 'ಆರ್ ಅವ' ಅಂತೇವಲ್ರೀ ಮೇಡಂ. 'ಆರ್ ಅದ' ಅಂತ ಯಾರಂತಾರ?" ಅಷ್ಟು ನೋವಿನಲ್ಲೂ ಅವನಿಗೆ ನಗು ಬಂತು. ಬೇರೆ ಯಾರೂ ನಗಲಿಲ್ಲ. ಮಹಾನಂದಕ್ಕ ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರಿಗೆ ಕಾಣುವ ಹಾಗೆ ಬಾಯಿ ಅಗಲ ಮಾಡಿ, "ನನಗ್ ಯಾಕ ಹೇಳಲಿಲ್ಲ?" ಎಂದು ಕೇಳಿ ಅತ್ತಳು. ಒಬ್ಬ ಮನುಷ್ಯ ತನ್ನ ಬದುಕಿನ ದೊಡ್ಡ ಗುಟ್ಟನ್ನು ನನ್ನನ್ನು ನಂಬಿ ಹೇಳಿದ್ದ. ನಾನು ಅದನ್ನು ಒಂದು ಅಂಕಿ ಮಾಡಿ ಊರಿಗೆಲ್ಲ ಹಂಚಿದ್ದೆ.

ಮಾಣಿಕಪ್ಪನ ಆಸ್ಪತ್ರೆಯ ಓಡಾಟವನ್ನೂ ಇಂಜಿನ್ ರಿಪೇರಿಯನ್ನೂ ನಾನು ವಹಿಸಿಕೊಂಡೆ. ಇಂಜಿನ್ನನ್ನು ನನ್ನ ಕೈಯಾರೆ ಬಿಚ್ಚಿ ಕಟ್ಟಿದೆ. ಉಸ್ತಾದರನ್ನು ಕಿವಿಯ ವೈದ್ಯರ ಹತ್ತಿರ ಕರೆದೊಯ್ದೆವು. ಒಳಗಿನ ಸಣ್ಣ ಎಲುಬು ಬಿಗಿದುಕೊಂಡಿದೆ, ನರ ಇನ್ನೂ ಚೆನ್ನಾಗಿದೆ, ಹಲ್ಲಿನಿಂದ ಕೇಳಿಸುವುದು ಅದಕ್ಕೇ ಎಂದರು. ಒಳಗೆ ನಡೆಯುವ ಇಂಜಿನ್ನಿಗೂ ಅವರಲ್ಲಿ ಒಂದು ಹೆಸರಿತ್ತು. ಶಸ್ತ್ರಚಿಕಿತ್ಸೆಗೆ ಉಸ್ತಾದರು ಒಪ್ಪಲಿಲ್ಲ. ಎಲ್ಲ ಅರ್ಥವಾದಂತಾಯಿತು. ನಾನು ಸುರಂಗದ ಬಾಯಲ್ಲಿ ಕೇಳಿದ್ದು, ಆ ಮುದುಕಿ ಮಂಜಿನಲ್ಲಿ ಕೇಳಿದ್ದು ಯಾರ ಕಿವಿಯ ರೋಗ ಎಂದು ಮಾತ್ರ ನಾನು ವೈದ್ಯರನ್ನು ಕೇಳಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆದು, ಬರೆಯುವುದನ್ನು ನಿಲ್ಲಿಸಿದೆ. ಬೇಸಿಗೆಯಲ್ಲಿ ಕಂಪನಿ ಕಾರಿನ ಮುಸುಕು ತೆಗೆಯಿತು. ಎಂಟೂ ಅಲ್ಲ, ಆರೂ ಅಲ್ಲ. ಇಂಜಿನ್ನೇ ಇಲ್ಲ, ಪೂರ್ತಿ ಬ್ಯಾಟರಿ. ವಿಡಿಯೊದ ಸದ್ದು ಎಂದೋ ಕೆಟ್ಟುನಿಂತ ಅವರ ಹಳೆಯ ಇಂಜಿನ್ನೊಂದರದು, ಅದು ಓಡುತ್ತಿದ್ದ ಕಾಲದಲ್ಲಿ ಹಿಡಿದಿಟ್ಟದ್ದು. ಉಸ್ತಾದರ ಮಾತು ಆ ಕಾರಿಗೂ ಒಪ್ಪಿತ್ತು, ಇಂಜಿನ್ ಆರಿತ್ತು. ನಾವು ಬೈದು ಓಡಿಸಿದ ಆ ಮನುಷ್ಯನನ್ನು ಹುಡುಕಿ ಕ್ಷಮೆ ಕೇಳಿದೆ. ಜೂನಿನಲ್ಲಿ ನನಗೆ ದಾವಣಗೆರೆಗೆ ವರ್ಗವಾಯಿತು.

ಕಳೆದ ತಿಂಗಳು ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಮೊದಲು ಕಂಡವನು ಮಾಣಿಕಪ್ಪ. ಎಡಗೈಯ ಮೂರು ಬೆರಳು ಸೊಟ್ಟಗಾಗಿವೆ. ಜೀಪು ಮಾರಿ ಉಸ್ತಾದರ ಜೊತೆಗೇ ಸೇರಿಕೊಂಡಿದ್ದಾನೆ. ಗಿರಾಕಿಗಳ ಮಾತು ಕೇಳಿ ಸನ್ನೆಯಲ್ಲಿ ಉಸ್ತಾದರಿಗೆ ಹೇಳುವುದು ಅವನ ಕೆಲಸ. ಉಸ್ತಾದರು ಈಗ ಎಲ್ಲರೆದುರೇ ಪೇಚ್‌ಕಸ್ ಕಚ್ಚುತ್ತಾರೆ. ನನ್ನನ್ನು ಕಂಡದ್ದೇ ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಒಂದು ಬೆರಳು ಎತ್ತಿ ತೋರಿಸಿ ನಕ್ಕರು. ಮಹಾನಂದಕ್ಕ ಒಳಗಿನಿಂದ ಚಹಾ ತಂದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು ಲೋಟ ತೆಗೆದುಕೊಂಡೆ. ಹೇಳಿದರೂ ಅವರಿಗೆ ಕೇಳಿಸುವುದಿಲ್ಲ.

ಚಹಾ ಮುಗಿದ ಮೇಲೆ ಉಸ್ತಾದರು ಪೇಚ್‌ಕಸ್‌ನ ಹಿಡಿಯನ್ನು ಒರೆಸಿ ನನ್ನ ಕೈಗೆ ಕೊಟ್ಟರು. ತುದಿಯನ್ನು ತಾವೇ ಹಿಡಿದು ತಮ್ಮ ಕಿವಿಯ ಹಿಂದಿನ ಎಲುಬಿನ ಮೇಲೆ ಇಟ್ಟುಕೊಂಡರು.

"ಒಳಗಿಂದು ಇತ್ತಿತ್ಲಾಗ ನನಗ ಕೇಳಸವಲ್ದು ಮೇಡಂ. ಅದೂ ಆರ್ಯಾದೋ ಏನೋ. ಅದೊಂದೇ ನನ್ ಜೋಡಿಗಿತ್ತು. ನೀವ್ ಕೇಳಿ ಹೇಳ್ರಿ."

ಹಿಡಿಯನ್ನು ಕಚ್ಚಿ ಕಣ್ಣು ಮುಚ್ಚಿದೆ. ಮೊದಲು ನನ್ನ ದವಡೆಯ ಸದ್ದು. ಆಮೇಲೆ ಏನೂ ಇಲ್ಲ. ಸುರಂಗದೊಳಗೆ ಬಗ್ಗಿದ್ದ ದಿನದ ಚಳಿ ಬೆನ್ನಿಗೆ ಬಂತು. ಆಮೇಲೆ, ಬಹಳ ಕೆಳಗಿನಿಂದ, ಅದು ಬಂತು. ತಗ್ಗಿನ, ಒಂದೇ ಸಮನಾದ ಗುಂಯ್. ನನ್ನ ರಕ್ತದ್ದೋ ಅವರದ್ದೋ ನನಗೆ ಗೊತ್ತಿಲ್ಲ, ನಡೆಯುತ್ತಿತ್ತು. ಹಿಡಿಯನ್ನು ಹಲ್ಲಿನಿಂದ ಬಿಡದೆಯೇ ಹೇಳಿದೆ, ಮಾತು ಕಬ್ಬಿಣದಲ್ಲಿ ಇಳಿದು ಅವರ ಎಲುಬು ಮುಟ್ಟಲಿ ಎಂದು.

"ಆರಿಲ್ಲ."

ಅವರಿಗೆ ಕೇಳಿಸಿತು. ಕಣ್ಣು ಅರಳಿತು, ತುಟಿಯ ತುದಿಯಲ್ಲಿ ತುಂಟತನ ಬಂತು.

"ಆರ್ ಇಲ್ಲಂದ್ರ," ಎಂದರು, "ಮತ್ತ ಎಷ್ಟ್ ಅವ್ರಿ ಮೇಡಂ?"

ಮಾಣಿಕಪ್ಪ, ಮಹಾನಂದಕ್ಕ ಜೋರಾಗಿ ನಕ್ಕರು. ನಾನು ಪೇಚ್‌ಕಸ್ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು, ಎಣಿಸುತ್ತ ನಿಂತೆ.